ಆರು ಚುಕ್ಕೆಗಳ ವರ

ದೃಷ್ಟಿ ಕಳೆದುಕೊಂಡವರಿಗೆ ಇಂದು ಕಂಪ್ಯೂಟರ್, ಮೊಬೈಲುಗಳೇ ಓದಿ ಹೇಳುತ್ತವೆ. ಮತ್ತೆ ಬ್ರೈಲ್ ಲಿಪಿ ಕಲಿಯುವ ಶ್ರಮವೇಕೆ ಎಂದು ನೀವು ಕೇಳಬಹುದು. ಲೂಯಿ ಬ್ರೈಲ್ ಅವರ ಬಾಳನ್ನು ನೋಡಿ.

1809ರಲ್ಲಿ ಫ್ರಾನ್ಸಿನ ಹಳ್ಳಿಯೊಂದರಲ್ಲಿ ಹುಟ್ಟಿದ ಅವರ ತಂದೆ ಕುದುರೆ ಜೀನು ಹೊಲಿಯುವವರು. ಮೂರರ ಪ್ರಾಯದಲ್ಲಿ ಆಡುತ್ತಿದ್ದಾಗ ತೊಗಲು ಚುಚ್ಚುವ ಚೂಪು ಸಲಕರಣೆ ಮಗುವಿನ ಕಣ್ಣಿಗೆ ತಗುಲಿತು. ಸೋಂಕು ಹಬ್ಬಿ ಎರಡೂ ಕಣ್ಣು ಹೋದವು. ಊರಿನ ವಿಚಾರಣಾ ಗುರುಗಳಾದ ಜಾಕ್ ಪಾಲುಯಿ ಬಾಲಕನಿಗೆ ಪಾಠ ಹೇಳಿದರು.

1819ರಲ್ಲಿ ಸೇರಿದ ಪ್ಯಾರಿಸ್ಸಿನ ಅಂಧರ ಶಾಲೆಯಲ್ಲಿ ಹೆಚ್ಚಿನದನ್ನು ಕೇಳಿಯೇ ಕಲಿಯಬೇಕಿತ್ತು. ಉಬ್ಬಕ್ಷರದ ಭಾರವಾದ ಪುಸ್ತಕಗಳು ಕೆಲವೇ. ಅವನ್ನು ಓದುವುದು ನಿಧಾನ, ತಾವೇ ಬರೆಯುವುದು ಬಹು ಕಷ್ಟ. ಸೇನಾಧಿಕಾರಿ ಬಾರ್ಬಿಯೆಯವರ ಹನ್ನೆರಡು ಚುಕ್ಕೆಗಳ ಬರಹವನ್ನು ಲೂಯಿ 1824ರಲ್ಲಿ, ಹದಿನೈದರ ಪ್ರಾಯದಲ್ಲಿ, ಆರು ಚುಕ್ಕೆಗಳಿಗೆ ಇಳಿಸಿದರು. ಒಂದು ಅಕ್ಷರ ಒಂದೇ ಬೆರಳ ತುದಿಗೆ ಸಿಕ್ಕಿತು. ಕಣ್ಣು ಕಸಿದಂಥದೇ ಚೂಪು ಮೊನೆಯಿಂದ ಅಂಧರು ಬರೆಯುವಂತಾದರು.

ಶಿಕ್ಷಕರಾಗಿ, ದೇವಾಲಯದಲ್ಲಿ ಆರ್ಗನ್ ವಾದಕರಾಗಿ ಬಾಳಿದ ಅವರು 1852ರಲ್ಲಿ ಕ್ಷಯದಿಂದ ತೀರಿಕೊಂಡರು. ಶಾಲೆ ಆ ಲಿಪಿಯನ್ನು ಅಧಿಕೃತವಾಗಿ ಒಪ್ಪಿದ್ದು 1854ರಲ್ಲಿ.

ಓದಿ ಹೇಳುವ ಯಂತ್ರವೂ ವರವೇ. ಆದರೆ ಕಾಗುಣಿತ, ಒತ್ತಕ್ಷರಗಳನ್ನು ಕಿವಿಯೊಂದೇ ಕಲಿಸದು. ಮನೆಯಲ್ಲಿ ಯಾರಿಗಾದರೂ ಕಣ್ಣು ಮಂಜಾಗುತ್ತಿದ್ದರೆ, ಕೇಳುವುದರ ಜೊತೆಗೆ ಬೆರಳಿಂದ ಓದುವುದಕ್ಕೂ ಅವರನ್ನು ಹುರಿದುಂಬಿಸಿ. ತಾನೇ ಓದಿ ಬರೆಯುವವನು ಯಾರ ಕೈಯನ್ನೂ ಕಾಯಬೇಕಿಲ್ಲ.