ಸೌಮ್ಯಮೂರ್ತಿ ಸಂತ ಫ್ರಾನ್ಸಿಸ್ ಡಿ ಸೇಲ್ಸ್

ಸಂತರು ಹುಟ್ಟುತ್ತಲೇ ಸಂತರೆಂದು ನಾವು ಭಾವಿಸುವುದುಂಟು. ಸೌಮ್ಯತೆಗೆ ಹೆಸರಾದ ಸಂತ ಫ್ರಾನ್ಸಿಸ್ ಡಿ ಸೇಲ್ಸರಾದರೋ ಸ್ವಭಾವತಃ ಮುಂಗೋಪಿಗಳು. ಅವರ ಶಾಂತಗುಣವು ದೇವರ ಕೃಪೆಯನ್ನು ನಂಬಿ ಅನುದಿನವೂ ಮಾಡಿದ ಸಾಧನೆಯ ಫಲ.

1567ರ ಆಗಸ್ಟ್ 21ರಂದು ಸವಾಯ್ ಸಂಸ್ಥಾನದ ಕುಲೀನ ಮನೆತನವೊಂದರಲ್ಲಿ ಅವರು ಜನಿಸಿದರು. ಪ್ಯಾರಿಸ್ಸಿನಲ್ಲಿ ಯೇಸುಸಭೆಯ ಗುರುಗಳ ಬಳಿ ಕಲಿತು, ಪಾದುವಾದಲ್ಲಿ ನ್ಯಾಯಶಾಸ್ತ್ರದ ಪದವಿ ಪಡೆದರು. ಮಗನು ವಕೀಲನಾಗಿ, ಗೃಹಸ್ಥನಾಗಿ ಬಾಳಬೇಕೆಂಬುದು ತಂದೆಯ ಆಸೆ. ಆದರೆ ಫ್ರಾನ್ಸಿಸರು 1593ರಲ್ಲಿ ಗುರುದೀಕ್ಷೆ ಸ್ವೀಕರಿಸಿದರು.

ಮರುವರ್ಷವೇ, ಕ್ಯಾಲ್ವಿನ್ ಪಂಥ ಬೇರೂರಿದ್ದ ಶಾಬ್ಲೆ ಪ್ರಾಂತಕ್ಕೆ ತೆರಳಿದರು. ಅವರ ಬೋಧನೆ ಕೇಳಲು ಬಂದವರು ವಿರಳ, ಪ್ರಾಣಾಪಾಯವೂ ಒದಗಿತು. ಅವರು ನಿಂದೆಗೆ ನಿಂದೆಯಿಂದ ಉತ್ತರಿಸದೆ, ಧರ್ಮಬೋಧೆಯನ್ನು ಕರಪತ್ರಗಳಲ್ಲಿ ಬರೆದು ಮನೆಮನೆಗೂ ತಲುಪಿಸಿದರು. ಅವರ ತಾಳ್ಮೆಯೂ ಸವಾಯ್ ದೊರೆಯ ಬೆಂಬಲವೂ ಕೂಡಿ, ಕೆಲವೇ ವರ್ಷಗಳಲ್ಲಿ ಅಲ್ಲಿನ ಬಹುಪಾಲು ಜನರು ಕಥೋಲಿಕ ಧರ್ಮಸಭೆಗೆ ಮರಳಿದರು.

1602ರಲ್ಲಿ ಅವರು ಜಿನೀವಾದ ಧರ್ಮಾಧ್ಯಕ್ಷರಾದರು. ಆ ನಗರ ಪ್ರೊಟೆಸ್ಟೆಂಟರ ಅಧೀನದಲ್ಲಿದ್ದುದರಿಂದ ಆನ್ಸಿಯಲ್ಲಿ ನೆಲೆಸಿದರು. ಭಕ್ತಿಜೀವನವು ಮಠವಾಸಿಗಳಿಗೆ ಮಾತ್ರ ಮೀಸಲಲ್ಲ, ಸಂಸಾರಿಗಳಿಗೂ ಸಾಧ್ಯವೆಂದು 1609ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ತೋರಿಸಿಕೊಟ್ಟರು. ಮರುವರ್ಷ ಸಂತ ಜೇನ್ ಫ್ರಾನ್ಸೆಸ್ ದ ಶಾಂತಾಲರೊಡನೆ ವಿಸಿಟೇಷನ್ ಕನ್ಯಾಸ್ತ್ರೀಯರ ಸಭೆಯನ್ನು ಸ್ಥಾಪಿಸಿದರು.

ಆ ಗ್ರಂಥದಲ್ಲಿ ಅವರು ಹೇಳಿಕೊಡುವ ಮಾರ್ಗ ಸರಳವಾದುದು. ಬೆಳಗಿನ ಪ್ರಾರ್ಥನೆಯಲ್ಲೇ ಆ ದಿನ ಕೋಪಕ್ಕೆ ಕಾರಣವಾಗಬಹುದಾದ ಸಂದರ್ಭಗಳನ್ನು ಮುಂಗಂಡು ಮನಸ್ಸನ್ನು ಸಿದ್ಧಗೊಳಿಸಬೇಕು. ಕೋಪ ತಲೆಯೆತ್ತಿದಾಗ, ಬಿರುಗಾಳಿಗೆ ಸಿಕ್ಕಿದ ಶಿಷ್ಯರು ಪ್ರಭುವನ್ನು ಕೂಗಿಕೊಂಡಂತೆ ನಾವೂ ಕೂಗಿಕೊಳ್ಳಬೇಕು. ಸೋತೆವೋ, ತಡಮಾಡದೆ ನೊಂದವರಿಗೆ ಅಕ್ಕರೆ ತೋರಿ ಸರಿಪಡಿಸಬೇಕು. ನಮ್ಮ ತಪ್ಪಿಗಾಗಿ ನಮ್ಮ ಮೇಲೆಯೇ ಸಿಡುಕುವುದೂ ಸಲ್ಲದು. ಶಾಂತವಾಗಿ ಪಶ್ಚಾತ್ತಾಪಪಟ್ಟು ಮತ್ತೆ ಏಳಬೇಕು.

1622ರ ಡಿಸೆಂಬರ್ 28ರಂದು ಅವರು ಲಿಯಾನಿನಲ್ಲಿ ದೈವಾಧೀನರಾದರು. 1665ರಲ್ಲಿ ಸಂತಪದವಿ ದೊರೆಯಿತು; 1877ರಲ್ಲಿ ಧರ್ಮಸಭೆಯ ಪಂಡಿತರೆಂದು ಘೋಷಿತರಾದರು. ಡಾನ್ ಬಾಸ್ಕೋರವರ ಸಲೇಷಿಯನ್ ಸಭೆಗೆ ಅವರದೇ ಹೆಸರು. ಜನವರಿ 24 ಅವರ ಹಬ್ಬದ ದಿನ.

ನಮ್ಮ ದೇವಾಲಯವು ನೂರು ವರ್ಷ ಪೂರೈಸಿರುವ ಈ ಶುಭಸಮಯದಲ್ಲಿ ನಾವು ನಮ್ಮನ್ನೇ ಕೇಳಿಕೊಳ್ಳೋಣ. ಬಲಿಪೂಜೆಯಲ್ಲಿ ದಿವ್ಯಪ್ರಸಾದವನ್ನು ಸ್ವೀಕರಿಸಿದ ನಾಲಿಗೆಯೇ ಮನೆ ತಲುಪುವ ಮುನ್ನ ಮಡದಿಯನ್ನೋ ಮಕ್ಕಳನ್ನೋ ನೆರೆಯವರನ್ನೋ ಗಾಯಗೊಳಿಸುವುದಿಲ್ಲವೇ? ಕಲ್ಲುಗಾರೆಯ ಗುಡಿಯನ್ನು ಹಿರಿಯರು ನಮಗಾಗಿ ಕಟ್ಟಿಕೊಟ್ಟರು. ತಾಳ್ಮೆಯ ಗುಡಿಯನ್ನು ನಮ್ಮ ನಮ್ಮ ಮನೆಗಳಲ್ಲಿ ನಾವೇ ಕಟ್ಟಬೇಕು. ಅದಕ್ಕೆ ಬೇಕಾದ ಕೃಪೆಯನ್ನು ಸಂತ ಫ್ರಾನ್ಸಿಸರ ವಿಜ್ಞಾಪನೆಯಿಂದ ದೇವರು ನಮಗೆ ದಯಪಾಲಿಸಲಿ.