ನಾಟಕರತ್ನ ಗುಬ್ಬಿ ವೀರಣ್ಣನವರು

ನಮ್ಮ ತುಮಕೂರು ಜಿಲ್ಲೆಯಲ್ಲಿ ಹುಟ್ಟಿ ಇಡೀ ಕರ್ನಾಟಕಕ್ಕೆ ಹೆಸರಾದವರಲ್ಲಿ ಗುಬ್ಬಿ ವೀರಣ್ಣನವರು ಒಬ್ಬರು. ಮಧುಗಿರಿಯಿಂದ ಬಸ್ಸು ಹತ್ತಿ ಕೊರಟಗೆರೆ, ತುಮಕೂರು ದಾಟಿ ಹೋದರೆ ಗುಬ್ಬಿ ಸಿಗುತ್ತದೆ. ಆ ಊರಿನಲ್ಲಿ ಅವರು 1891ರಲ್ಲಿ ಜನಿಸಿದರು.

ಅವರು ಹುಟ್ಟುವ ಮೊದಲೇ, 1884ರಲ್ಲಿ, ಗುಬ್ಬಿಯಲ್ಲಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ ಶುರುವಾಗಿತ್ತು. ವೀರಣ್ಣನವರು ಚಿಕ್ಕ ಹುಡುಗನಾಗಿದ್ದಾಗಲೇ ಆ ಕಂಪನಿಗೆ ಸೇರಿದರು. ನಾವು ಒಂದನೇ ಕ್ಲಾಸಿನಲ್ಲಿ ಅ ಆ ಇ ಈ ತಿದ್ದುವ ವಯಸ್ಸು ಅದು. ಅವರಿಗೆ ಕಂಪನಿಯೇ ಶಾಲೆ, ಅಲ್ಲಿದ್ದ ದೊಡ್ಡ ನಟರೇ ಮೇಷ್ಟ್ರುಗಳು. ಸಣ್ಣ ಸಣ್ಣ ಪಾತ್ರ ಮಾಡುತ್ತಾ, ಹಾಡು ಕಲಿಯುತ್ತಾ ಬೆಳೆದರು. 1917ರಲ್ಲಿ ಆ ಕಂಪನಿಗೆ ಅವರೇ ಯಜಮಾನರಾದರು.

ಆಗಿನ ನಾಟಕ ಅಂದ್ರೆ ಬರೀ ಮಾತಲ್ಲ, ಹಾಡೇ ಮುಖ್ಯ. ರಾಜ ಬಂದರೂ ಹಾಡು, ರಾಣಿ ಅತ್ತರೂ ಹಾಡು, ಯುದ್ಧಕ್ಕೆ ಹೊರಟರೂ ಹಾಡು. ಹಾರ್ಮೋನಿಯಂ, ತಬಲ ಜೊತೆಗಿರಬೇಕು. ಮೊದಮೊದಲು ಮೈಕು ಇರಲಿಲ್ಲ. ಹಿಂದೆ ನೆಲದ ಮೇಲೆ ಕೂತಿರೋ ಕಡೇ ಮನುಷ್ಯನಿಗೂ ಕೇಳೋ ಹಾಗೆ ಹಾಡಬೇಕಿತ್ತು. ಹಾಡು ಚೆನ್ನಾಗಿದ್ದರೆ ಜನ ಒನ್ಸ್ ಮೋರ್ ಅಂತ ಕೂಗುತ್ತಿದ್ದರು. ಆಗ ಸತ್ತು ಬಿದ್ದಿರೋ ಪಾತ್ರವೂ ಎದ್ದು ಇನ್ನೊಂದು ಸಲ ಹಾಡಿ ಮತ್ತೆ ಸಾಯ್ತಿತ್ತಂತೆ! ಇದನ್ನ ನಮ್ಮ ಅಜ್ಜ ಹೇಳಿ ನಗುತ್ತಿದ್ದರು.

ವೀರಣ್ಣನವರಿಗೆ ಬಹಳ ಹೆಸರು ತಂದಿದ್ದು ರಾಜನ ಪಾತ್ರ ಅಲ್ಲ, 'ಸದಾರಮೆ' ನಾಟಕದ ಕಳ್ಳನ ಪಾತ್ರ. ಈ ನಾಟಕ ಬರೆದವರು ಬೆಳ್ಳಾವೆ ನರಹರಿ ಶಾಸ್ತ್ರಿಗಳು. ಬೆಳ್ಳಾವೆಯೂ ನಮ್ಮ ಜಿಲ್ಲೆಯದೇ. ಕಳ್ಳನನ್ನು ಕಂಡರೆ ಎಲ್ಲರೂ ಬೈಯಬೇಕು. ಆದರೆ ವೀರಣ್ಣನವರ ಕಳ್ಳನನ್ನು ನೋಡೋದಕ್ಕೇ ಜನ ಗಾಡಿ ಕಟ್ಟಿಕೊಂಡು, ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು. ಕಂಪನಿಯ ಯಜಮಾನನೇ ಆಗಿದ್ದರೂ ಕಿರೀಟ ಬೇರೆಯವರ ತಲೆಗೆ ಇಟ್ಟು, ತಾವು ನಗಿಸೋ ಪಾತ್ರ ಮಾಡಿದರು. ಇದು ನನಗೆ ತುಂಬಾ ಇಷ್ಟವಾದ ಸಂಗತಿ.

1934ರಲ್ಲಿ ಬೆಂಗಳೂರಿನಲ್ಲಿ 'ಕುರುಕ್ಷೇತ್ರ' ನಾಟಕ ಆಡಿದಾಗ ನಿಜವಾದ ಆನೆ, ನಿಜವಾದ ಕುದುರೆಗಳನ್ನೇ ರಂಗದ ಮೇಲೆ ತಂದರು. ನಮ್ಮೂರ ಕುರುಕ್ಷೇತ್ರದಲ್ಲಿ ರಟ್ಟಿನ ರಥ ತಳ್ಳೋಕೇ ನಾಲ್ಕು ಜನ ಬೇಕು, ಇನ್ನು ಆನೆ ಅಂದ್ರೆ ಲೆಕ್ಕ ಹಾಕಿ. ಅವರ ಕಂಪನಿ ಕನ್ನಡ ಮಾತ್ರ ಅಲ್ಲ, ತೆಲುಗು, ತಮಿಳಿನಲ್ಲೂ ನಾಟಕ ಆಡುತ್ತಿತ್ತು. ಪಾವಗಡದ ಕಡೆಯ ನಮ್ಮ ಅತ್ತೆ ಮನೆಯಲ್ಲಿ ಎರಡೂ ಭಾಷೆ ಮಾತಾಡುತ್ತಾರೆ. ಅಂಥವರಿಗೆ ಈ ಕಂಪನಿ ಎರಡು ಕಡೆಯಿಂದಲೂ ನೆಂಟ ಇದ್ದ ಹಾಗೆ.

ಕಂಪನಿ ಅಂದರೆ ಒಂದು ದೊಡ್ಡ ಸಂಸಾರ. ನಟರು, ಹಾಡುವವರು, ಪರದೆ ಬರೆಯುವವರು, ಬಟ್ಟೆ ಹೊಲಿಯುವವರು, ಅಡುಗೆಯವರು, ಮಕ್ಕಳು ಎಲ್ಲರೂ ಊರಿಂದೂರಿಗೆ ಹೋಗಬೇಕು. ಮಳೆ ಬಂದರೆ ಆಟ ಇಲ್ಲ. ಆಟ ಇಲ್ಲ ಅಂದ್ರೆ ಕಲೆಕ್ಷನ್ ಇಲ್ಲ. ಆದ್ರೂ ಒಲೆ ಹಚ್ಚಲೇಬೇಕು. ಇಷ್ಟು ಜನರ ಹೊಟ್ಟೆ ನೋಡಿಕೊಂಡು ವೀರಣ್ಣನವರು ಕಂಪನಿ ನಡೆಸಿದರು. ಅವರ ಆತ್ಮಕಥೆಯ ಹೆಸರು 'ಕಲೆಯೇ ಕಾಯಕ'. ನಾಟಕವನ್ನು ಅವರು ಶೋಕಿ ಅಂತ ನೋಡಲಿಲ್ಲ, ಹೊಲ ಉಳುವ ಹಾಗೆ ಒಂದು ಕೆಲಸ ಅಂತ ನೋಡಿದರು ಎಂದು ಆ ಹೆಸರಿನಿಂದಲೇ ಗೊತ್ತಾಗುತ್ತದೆ.

ಈ ಕಂಪನಿಯಲ್ಲಿ ಕಲಿತವರು ಬಹಳ ಜನ. ಡಾ. ರಾಜ್‌ಕುಮಾರ್ ಅವರ ತಂದೆ ಇಲ್ಲಿ ನಟರಾಗಿದ್ದರು, ರಾಜ್‌ಕುಮಾರ್ ಅವರೂ ಚಿಕ್ಕಂದಿನಲ್ಲೇ ಬಂದು ಸೇರಿದರು. 1954ರಲ್ಲಿ ವೀರಣ್ಣನವರ ಸಂಸ್ಥೆ ತಯಾರಿಸಿದ 'ಬೇಡರ ಕಣ್ಣಪ್ಪ' ಸಿನಿಮಾದಲ್ಲಿ ಅವರು ನಾಯಕರಾದರು. ನಮ್ಮ ಜಿಲ್ಲೆಯ ತಿಪಟೂರಿನ ನರಸಿಂಹರಾಜು ಅವರೂ ಈ ಕಂಪನಿಯವರೇ. ಇನ್ನೊಬ್ಬರು ಬಿ.ವಿ. ಕಾರಂತರು. ಅವರು ಹುಡುಗರಾಗಿದ್ದಾಗ ಮನೆ ಬಿಟ್ಟು ಓಡಿಬಂದು ಕಂಪನಿ ಸೇರಿದ್ದರು. ವೀರಣ್ಣನವರು ಅವರನ್ನು ಎಂ.ಎ. ಓದಲು ಕಾಶಿಗೆ ಕಳಿಸಿದರು. ಮುಂದೆ ಕಾರಂತರು ದೇಶಕ್ಕೇ ದೊಡ್ಡ ನಾಟಕ ನಿರ್ದೇಶಕರಾದರು. ತಮ್ಮ ಬಾಲ್ಯವೆಲ್ಲ ರಂಗದ ಮೇಲೆ ಕಳೆದವರು ಇನ್ನೊಬ್ಬರ ಮಗನನ್ನು ಅಷ್ಟು ದೂರ ಓದಿಸಿದರಲ್ಲ, ಅದು ದೊಡ್ಡ ಗುಣ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಮೊದಲು ನಾಟಕಗಳಲ್ಲಿ ಹೆಣ್ಣಿನ ಪಾತ್ರವನ್ನು ಗಂಡಸರೇ ಮಾಡುತ್ತಿದ್ದರು. ಗುಬ್ಬಿ ಕಂಪನಿಯಲ್ಲಿ ಹೆಂಗಸರೂ ರಂಗಕ್ಕೆ ಬಂದರು. ವೀರಣ್ಣನವರ ಪತ್ನಿ ಬಿ. ಜಯಮ್ಮನವರು ನಾಟಕದಲ್ಲೂ ಸಿನಿಮಾದಲ್ಲೂ ಹಾಡಿ ನಟಿಸಿ ಹೆಸರು ಮಾಡಿದರು. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಅವರು ದೊಡ್ಡ ನಟಿ, ರಾಜ್ಯಸಭೆಯ ಸದಸ್ಯರೂ ಆಗಿದ್ದರು.

ನಮ್ಮ ಕಡೆ ಸುಗ್ಗಿ ಮುಗಿದ ಮೇಲೆ ರಾತ್ರಿಯೆಲ್ಲಾ ನಾಟಕ ಆಡುತ್ತಾರಲ್ಲ, ಅದರಲ್ಲಿ ದ್ರೌಪದಿ, ಉತ್ತರೆ ಪಾತ್ರಕ್ಕೆ ಊರಿನವರು ಯಾರೂ ಇಲ್ಲ. ಹೊರಗಿನಿಂದ ಕಲಾವಿದೆಯರನ್ನು ದುಡ್ಡು ಕೊಟ್ಟು ಕರೆಸುತ್ತಾರೆ. ರಾತ್ರಿ ದ್ರೌಪದಿಯ ಸೀನಿಗೆ ಎಲ್ಲರೂ ಕಣ್ಣೀರು ಹಾಕ್ತಾರೆ, ಸೀರೆಗೆ ನೋಟು ಪಿನ್ನು ಮಾಡ್ತಾರೆ. ಬೆಳಿಗ್ಗೆ ಅದೇ ಅಕ್ಕ ಬ್ಯಾಗು ಹಿಡ್ಕೊಂಡು ಬಸ್ಸಿಗೆ ನಿಂತಿದ್ರೆ ಅರಳೀಕಟ್ಟೆ ಮೇಲೆ ಕೂತವರು ಏನೇನೋ ಮಾತಾಡ್ಕೊಂಡು ನಗ್ತಾರೆ. ಹೋದ ವರ್ಷ ನಾನೇ ನೋಡಿದೆ. ಆ ಅಕ್ಕ ತಲೆ ತಗ್ಗಿಸಿಕೊಂಡು ನಿಂತಿದ್ದರು, ಕಾಲಿನ ಬಣ್ಣ ಇನ್ನೂ ಪೂರ್ತಿ ಹೋಗಿರಲಿಲ್ಲ. ದುರ್ಯೋಧನನ ಪಾರ್ಟು ಮಾಡಿದವರು ಮೀಸೆ ತಿರುವಿಕೊಂಡು ಊರೆಲ್ಲಾ ಓಡಾಡಬಹುದು, ದ್ರೌಪದಿ ಮಾತ್ರ ತಲೆ ತಗ್ಗಿಸಬೇಕು. ಇಬ್ಬರೂ ಮಾಡಿದ್ದು ಒಂದೇ ಕೆಲಸ ಅಲ್ಲವೇ?

ವೀರಣ್ಣನವರಿಗೆ 1955ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 1972ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂತು. ಅದೇ 1972ರಲ್ಲಿ ಅವರು ತೀರಿಕೊಂಡರು. ಇಂದು ಅವರ ಹೆಸರಿನಲ್ಲಿ ಸರ್ಕಾರ ಪ್ರಶಸ್ತಿ ಕೊಡುತ್ತದೆ, ತುಮಕೂರಿನಲ್ಲಿ ಗುಬ್ಬಿ ವೀರಣ್ಣ ಕಲಾಕ್ಷೇತ್ರ ಇದೆ. ಆದರೆ ರಾತ್ರಿ ಚಪ್ಪಾಳೆ ಹೊಡೆದ ಕೈಯಲ್ಲೇ ಬೆಳಿಗ್ಗೆ ಬೆರಳು ತೋರಿಸಿ ನಗೋದನ್ನು ಬಿಟ್ಟರೆ, ಅದೂ ಅವರಿಗೆ ಮಾಡಿದ ಸನ್ಮಾನವೇ ಎಂದು ನನಗನ್ನಿಸುತ್ತದೆ.

ಈ ಸಲ ವಾರ್ಷಿಕೋತ್ಸವಕ್ಕೆ ನಾಟಕ ಆಡಿಸುತ್ತೇವೆಂದು ಮೇಷ್ಟ್ರು ಹೇಳಿ ಹದಿನೈದು ದಿನ ಆಯ್ತು. ಹುಡುಗರು ಹನ್ನೊಂದು ಜನ ಹೆಸರು ಕೊಟ್ಟಿದ್ದಾರೆ, ಹುಡುಗಿಯರು ಒಬ್ಬರೂ ಇಲ್ಲ. ಒಳ್ಳೇ ಮನೆ ಹೆಣ್ಣುಮಕ್ಕಳು ಬಣ್ಣ ಹಚ್ಚಲ್ಲ ಕಣೇ ಅಂತ ನಮ್ಮಜ್ಜಿ ಹೇಳಿದರು. ನಾನು ಅವರಿಗೆ ಜಯಮ್ಮನವರ ಕತೆ ಹೇಳಿದೆ. ಅಜ್ಜಿ ರಾಗಿ ಕೇರುತ್ತಾ ಪೂರ್ತಿ ಕೇಳಿದರು. ಆಮೇಲೆ ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ. ನಾನು ಅದನ್ನು ಹೂಂ ಅಂತಲೇ ತಿಳಿದುಕೊಂಡಿದ್ದೇನೆ.

ಆದ್ದರಿಂದ ಸೋಮವಾರ ನನ್ನ ಹೆಸರು ಬರೆಸುತ್ತೇನೆ. ನನ್ನ ಜೊತೆ ಯಾರು ಯಾರು ಬರುತ್ತೀರಿ? ರಾಣಿ ಪಾತ್ರ ಬೇಕಾದವರು ತಗೊಳ್ಳಿ. ಕಳ್ಳನ ಪಾತ್ರ ಇದ್ದರೆ ಅದು ಮಾತ್ರ ನಂದು!

– ಏಳನೇ ತರಗತಿ ವಿದ್ಯಾರ್ಥಿನಿ