ವೃತ್ತ, ಚೌಕ ಮತ್ತು ರಾಮಾನುಜನ್

ಗ್ರೀಕ್ ಸಂಸ್ಕೃತಿಯೆಂದೊಡನೆ ಕನ್ನಡ ವಿದ್ಯಾರ್ಥಿಗೆ ನೆನಪಾಗುವುದು ಬಿ.ಎಂ.ಶ್ರೀ. ಅವರು ಕನ್ನಡಕ್ಕೆ ತಂದ ರುದ್ರನಾಟಕ. ಗ್ರೀಕರ ಇನ್ನೊಂದು ಕಾಣಿಕೆ ರೇಖಾಗಣಿತ. ವೃತ್ತದಷ್ಟೇ ವಿಸ್ತೀರ್ಣವುಳ್ಳ ಚೌಕವನ್ನು ಗುರುತಿಲ್ಲದ ಪಟ್ಟಿ ಮತ್ತು ಕೈವಾರಗಳಿಂದಲೇ ರಚಿಸಬೇಕೆಂಬ ಸಮಸ್ಯೆ ಅವರಲ್ಲಿ ಎಷ್ಟು ಪ್ರಸಿದ್ಧವಾಗಿತ್ತೆಂದರೆ, ಕ್ರಿ.ಪೂ. 414ರಲ್ಲಿ ಅರಿಸ್ಟೋಫನೀಸನು 'ಪಕ್ಷಿಗಳು' ಎಂಬ ಪ್ರಹಸನದಲ್ಲಿ ಅದನ್ನು ಗೇಲಿ ಮಾಡಿದನು. ಮುಂದೆ ಆರ್ಕಿಮಿಡೀಸನು 96 ಭುಜಗಳ ಆಕೃತಿಯ ನೆರವಿನಿಂದ ಪೈಯ ಬೆಲೆಗೆ ಮೇಲಿನ, ಕೆಳಗಿನ ಎಲ್ಲೆಗಳನ್ನು ಕಟ್ಟಿದನು. ಅವು ಏಕೆ ನಿಜವೆಂಬ ಉಪಪತ್ತಿಯನ್ನೂ ಕೊಟ್ಟನು. ಉಪಪತ್ತಿಯಿಲ್ಲದ ಸತ್ಯ ಗ್ರೀಕರಿಗೆ ಗಣಿತವಾಗಿರಲಿಲ್ಲ.

ಶ್ರೀನಿವಾಸ ರಾಮಾನುಜನ್ ಅವರ ಬಾಳಿನ ತೊಡಕೂ ಇದೇ. 1887ರ ಡಿಸೆಂಬರ್ 22ರಂದು ಈರೋಡಿನಲ್ಲಿ ಜನಿಸಿ ಕುಂಭಕೋಣದಲ್ಲಿ ಬೆಳೆದ ಅವರಿಗೆ 1903ರಲ್ಲಿ ಕಾರ್ ಎಂಬಾತನ ಸಂಗ್ರಹಗ್ರಂಥ ದೊರೆಯಿತು. ಅದರಲ್ಲಿ ಪ್ರಮೇಯಗಳು ಸಾವಿರಾರು, ಉಪಪತ್ತಿಗಳು ವಿರಳ. ರಾಮಾನುಜನ್ ಅವರ ಟಿಪ್ಪಣಿ ಪುಸ್ತಕಗಳೂ ಅದೇ ಜಾಡನ್ನು ಹಿಡಿದವು. ಗಣಿತವಲ್ಲದೆ ಬೇರೇನನ್ನೂ ಓದದ ಕಾರಣ ಅವರು ಎಫ್.ಎ. ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. 1912ರಲ್ಲಿ ಮದರಾಸಿನ ಬಂದರು ಕಚೇರಿಯಲ್ಲಿ ತಿಂಗಳಿಗೆ 30 ರೂಪಾಯಿಯ ಗುಮಾಸ್ತರಾದರು.

ಈ ಹಂತದಲ್ಲಿ ಕನ್ನಡನಾಡಿನ ನೆರವೊಂದು ಸ್ಮರಣೀಯ. ಭಾರತೀಯ ಗಣಿತ ಸಂಘದ ಪತ್ರಿಕೆಯ ಸಂಪಾದಕರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಧ್ಯಾಪಕ ಎಂ.ಟಿ. ನಾರಾಯಣ ಅಯ್ಯಂಗಾರ್ಯರು. ತರುಣನ ಹಸ್ತಪ್ರತಿಯನ್ನು ಅವರು ಸ್ಪಷ್ಟತೆಗಾಗಿ ಮತ್ತೆ ಮತ್ತೆ ಹಿಂದಿರುಗಿಸಿ, ತಿದ್ದಿಸಿ, 1911ರಲ್ಲಿ ಬೆಳಕಿಗೆ ತಂದರು. 1913ರಲ್ಲಿ ಅದೇ ಪತ್ರಿಕೆಯಲ್ಲಿ ವೃತ್ತವನ್ನು ಚೌಕವಾಗಿಸುವ ಕಿರುಲೇಖನ ಪ್ರಕಟವಾಯಿತು. ಅದು ನಿಖರವಾಗಿ ಅಸಾಧ್ಯವೆಂದು 1882ರಲ್ಲಿಯೇ ಲಿಂಡೆಮನ್ನನ ಶೋಧದಿಂದ ಸ್ಥಿರಪಟ್ಟಿತ್ತು. ರಾಮಾನುಜನ್ ಅಸಾಧ್ಯವನ್ನು ಸಾಧಿಸಿದೆನೆನ್ನಲಿಲ್ಲ. ಪೈಗೆ ಬದಲಾಗಿ 355/113ನ್ನು ಇರಿಸಿ, ಗ್ರೀಕರ ಉಪಕರಣಗಳಿಂದಲೇ ರಚನೆಯನ್ನು ಹೇಳಿ, ಅದರ ದೋಷವನ್ನೂ ಅಳೆದು ಕೊಟ್ಟರು. ವೃತ್ತದ ವಿಸ್ತೀರ್ಣ 1,40,000 ಚದರ ಮೈಲಿ, ಎಂದರೆ ಕರ್ನಾಟಕದ ಎರಡರಷ್ಟಕ್ಕೆ ಸಮೀಪ, ಇದ್ದರೂ ಚೌಕದ ಭುಜದಲ್ಲಿ ತಪ್ಪುವುದು ಸುಮಾರು ಒಂದು ಅಂಗುಲ ಮಾತ್ರ.

ಅದೇ ವರ್ಷ ಮದರಾಸು ವಿಶ್ವವಿದ್ಯಾನಿಲಯ 75 ರೂಪಾಯಿಯ ಸಂಶೋಧನ ವೇತನವನ್ನಿತ್ತಿತು. 1914ರಲ್ಲಿ ಅವರು ಕೇಂಬ್ರಿಜ್ಜಿಗೆ ತೆರಳಿದರು. ಅಲ್ಲಿ ಹಾರ್ಡಿಯವರ ಸಂಗದಲ್ಲಿ ಉಪಪತ್ತಿಯ ಶಿಸ್ತನ್ನು ಕಲಿತರು. ಆದರೆ ಕಾಣುವ ಕಣ್ಣು ಮುಚ್ಚಲಿಲ್ಲ. 1918ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ಸಂದಿತು. 1919ರಲ್ಲಿ ರೋಗಪೀಡಿತರಾಗಿ ಮರಳಿ, 1920ರ ಏಪ್ರಿಲ್ 26ರಂದು ಮದರಾಸಿನ ಚೇಟ್‌ಪಟ್ಟಿನಲ್ಲಿ, 32ನೆಯ ವಯಸ್ಸಿನಲ್ಲಿ ನಿಧನರಾದರು. ಅದಕ್ಕೆ ಮೂರು ತಿಂಗಳ ಹಿಂದೆ ಹಾರ್ಡಿಯವರಿಗೆ ಬರೆದ ಪತ್ರದಲ್ಲಿ ಅವರು ಹೊಸ ಫಲನಗಳಿಗೆ ಗ್ರೀಕ್ ಅಕ್ಷರವನ್ನೊಳಗೊಂಡ 'ಮಾಕ್ ಥೀಟಾ' ಎಂಬ ಹೆಸರಿಟ್ಟಿದ್ದರು. ಉದಾಹರಣೆಗಳನ್ನು ಕೊಟ್ಟಿದ್ದರು, ಅವುಗಳ ಹಿಂದಿನ ತತ್ತ್ವವನ್ನು ವಿವರಿಸಿರಲಿಲ್ಲ. ಅದು ತಿಳಿಯಾದದ್ದು 2002ರಲ್ಲಿ, ಜ್ವೆಗರ್ಸ್ ಎಂಬ ಡಚ್ ಸಂಶೋಧಕರ ಮಹಾಪ್ರಬಂಧದಿಂದ. ಗ್ರೀಕರು ಕೇಳಿದ 'ಏಕೆ' ಎಂಬ ಪ್ರಶ್ನೆಗೆ ಉತ್ತರ ದೊರೆಯಲು ಎಂಬತ್ತಕ್ಕೂ ಹೆಚ್ಚು ವರ್ಷಗಳು ಹಿಡಿದವು. ಆ ಪ್ರಶ್ನೆಯನ್ನು ಕೇಳುವಂತೆ ಮಾಡಿದ್ದು ರಾಮಾನುಜನ್ ಅವರ ದರ್ಶನ.